ಹೆಲ್ಮೆಟ್ ತೆಗೆದು ರಗ್ಬಿ ಥರ ಆಡಿದ್ರೆ ಅಮೆರಿಕನ್ ಫುಟ್‌ಬಾಲ್‌ನವರ ತಲೆ ಉಳಿಯುತ್ತಾ?

ಪರ

ಉಳಿಯುತ್ತೆ ಅಂತೀನಿ ನಾನು. ಅಮೆರಿಕನ್ ಫುಟ್‌ಬಾಲ್‌ನ ದೊಡ್ಡ ಲೀಗ್ ಎನ್‌ಎಫ್‌ಎಲ್ ಮೊದಲ ಸಲ ನೋಡಿದ ನಮ್ಮವರೆಲ್ಲ, ಆಟಗಾರರ ಹೆಲ್ಮೆಟ್ಟು ಪ್ಯಾಡು ನೋಡಿ, ಇವ್ರು ಆಟಕ್ಕೆ ಹೊರಟಿದ್ದಾರಾ ಯುದ್ಧಕ್ಕಾ ಅಂತ ನಗ್ತಾರೆ. ಆದ್ರೆ ಆ ಹೆಲ್ಮೆಟ್ ಇರೋದು ಬುರುಡೆ ಒಡೀಬಾರ್ದು ಅಂತ, ಒಳಗೆ ಮಿದುಳು ಅಲ್ಲಾಡೋದನ್ನ ಅದು ಪೂರ್ತಿ ತಡೆಯಲ್ಲ. ಮೇಲಾಗಿ ತಲೆಗೆ ನೋವಾಗಲ್ಲ ಅನ್ನೋ ಧೈರ್ಯದಲ್ಲಿ ಆಟಗಾರ ಟಗರಿನ ಥರ ತಲೆ ಮುಂದೆ ಮಾಡ್ಕೊಂಡೇ ನುಗ್ತಾನೆ. ರಗ್ಬೀಲಿ ಹಂಗೆ ನುಗ್ಗಿದ್ರೆ ಮೊದಲು ಒಡೆಯೋದು ಅವನದೇ ಬುರುಡೆ, ಅದಕ್ಕೇ ಅವರು ಸಣ್ಣೋರಿದ್ದಾಗಿಂದ ಕಲಿಯೋದು ತಲೆ ಪಕ್ಕಕ್ಕಿಟ್ಟು, ಭುಜ ಕೊಟ್ಟು, ಎರಡೂ ಕೈಯಲ್ಲಿ ತಬ್ಬಿ ಕೆಡವೋದನ್ನ, ಅಂದ್ರೆ ಟ್ಯಾಕಲ್ ಮಾಡೋದನ್ನ. ತಬ್ಬದೆ ಬರೀ ಭುಜದಲ್ಲಿ ಗುದ್ದಿದ್ರೆ ಪೆನಾಲ್ಟಿ, ತಲೆಗೆ ಬಿದ್ರೆ ರೆಡ್ ಕಾರ್ಡ್‌ವರೆಗೂ ಹೋಗುತ್ತೆ.

ಇದೇನು ನಾನೊಬ್ನೇ ಹೇಳ್ತಿರೋದಲ್ಲ. ಎನ್‌ಎಫ್‌ಎಲ್ ಟೀಮು ಸಿಯಾಟಲ್ ಸೀಹಾಕ್ಸ್‌ಗೆ ಕೋಚ್ ಆಗಿದ್ದ ಪೀಟ್ ಕ್ಯಾರಲ್ 2014ರಲ್ಲಿ ರಗ್ಬಿ ಟ್ಯಾಕಲ್ ಕಲಿಸೋ ವಿಡಿಯೋನೇ ಬಿಟ್ರು, ಅದೇ ವರ್ಷದ ಶುರುವಲ್ಲಿ ಅವರ ಟೀಮು ಎನ್‌ಎಫ್‌ಎಲ್ ಫೈನಲ್ ಆದ ಸೂಪರ್ ಬೌಲ್ ಗೆದ್ದಿತ್ತು, ಅಂದ್ರೆ ಸೋತೋರ ಮಾತಲ್ಲ ಇದು. ನ್ಯೂ ಹ್ಯಾಂಪ್‌ಶೈರ್ ಯೂನಿವರ್ಸಿಟೀಲಿ ಹೆಲ್ಮೆಟ್ ಬಿಚ್ಚಿಸಿ ಟ್ಯಾಕಲ್ ಪ್ರಾಕ್ಟೀಸ್ ಮಾಡಿಸಿದ್ರು, ಒಂದು ಸೀಸನ್ ಮುಗಿಯೋ ಹೊತ್ತಿಗೆ ಆ ಹುಡುಗರ ತಲೆಗೆ ಬೀಳೋ ಏಟು 28% ಕಮ್ಮಿ ಆಗಿತ್ತು.

ವಿರೋಧ

ಪ್ರಾಕ್ಟೀಸ್ ಬೇರೆ ಮ್ಯಾಚ್ ಬೇರೆ ಸ್ವಾಮಿ. ಗಟ್ಟಿ ಹೆಲ್ಮೆಟ್ ಇಲ್ಲದ ಫುಟ್‌ಬಾಲನ್ನ ಅಮೆರಿಕದವರು ಆಗ್ಲೇ ಆಡಿ ನೋಡಿದ್ದಾರೆ. 1905ರಲ್ಲಿ ಹುಡುಗರು ಆಡ್ತಾ ಆಡ್ತಾ ಸಾಯ್ತಿದ್ದಾರೆ ಅಂತ ಗಲಾಟೆ ಎದ್ದು, ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಅವರೇ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ನವರನ್ನ ವೈಟ್ ಹೌಸಿಗೆ ಕರೆಸ್ಕೊಂಡು ಮಾತಾಡಬೇಕಾಯ್ತು. ಮುಂದಿನ ವರ್ಷ ರೂಲ್ಸ್ ಬದಲಾಯ್ತು, ಚೆಂಡನ್ನ ಕೈಯಿಂದ ಮುಂದಕ್ಕೆ ಎಸೆಯೋ ಫಾರ್ವರ್ಡ್ ಪಾಸ್ ಬಂತು.

ಎರಡೂ ಆಟ ಬೇರೆಬೇರೆ ಆಗಿದ್ದಕ್ಕೆ ಆ ಪಾಸೂ ಒಂದು ದೊಡ್ಡ ಕಾರಣ. ರಗ್ಬೀಲಿ ಚೆಂಡನ್ನ ಕೈಯಿಂದ ಮುಂದಕ್ಕೆ ಎಸೆಯೋ ಹಂಗಿಲ್ಲ, ಚೆಂಡು ಇಲ್ಲದೋನನ್ನ ಟ್ಯಾಕಲ್ ಮಾಡೋ ಹಂಗೂ ಇಲ್ಲ, ಗುದ್ದೋಕೆ ಬರೋನು ಸಾಮಾನ್ಯವಾಗಿ ಎದುರಿಗೇ ಕಾಣ್ತಾನೆ. ಫುಟ್‌ಬಾಲಲ್ಲಿ ಪಾಸ್ ಹಿಡಿಯೋ ರಿಸೀವರ್ ಕತ್ತು ತಿರುಗಿಸಿ ಗಾಳೀಲಿರೋ ಚೆಂಡು ನೋಡ್ತಿರ್ತಾನೆ, ಅಷ್ಟರಲ್ಲಿ ಫುಲ್ ಸ್ಪೀಡಲ್ಲಿ ಎದುರು ಟೀಮಿನ ಸೇಫ್ಟಿ ಅನ್ನೋ ಡಿಫೆಂಡರ್ ಬಂದು ಅಪ್ಪಳಿಸ್ತಾನೆ, ಆಗ ಹೆಲ್ಮೆಟ್ ಇಲ್ದಿದ್ರೆ ಏನ್ ಗತಿ?

ಇನ್ನು ಎದುರುಬದುರು ಸಾಲಾಗಿ ನಿಲ್ಲೋ ಆಟಗಾರರು, ಲೈನ್‌ಮನ್‌ಗಳ ಕಥೆ. ಟ್ಯಾಕಲ್ ಹೆಂಗೆ ಮಾಡ್ಬೇಕು ಅಂತ ಎಷ್ಟು ಕಲಿಸಿದ್ರೂ ಇವರಿಗೆ ಅದರಿಂದ ಏನೂ ಆಗಲ್ಲ, ಚೆಂಡು ಹೊರಟ ತಕ್ಷಣ ಎದುರಿನೋನಿಗೆ ಡಿಕ್ಕಿ ಕೊಡೋದೇ ಇವರ ಕೆಲಸ. ಪಿಟ್ಸ್‌ಬರ್ಗ್ ಸ್ಟೀಲರ್ಸ್‌ನ ಮೈಕ್ ವೆಬ್‌ಸ್ಟರ್ ಸೆಂಟರ್, ಅಂದ್ರೆ ಆ ಸಾಲಿನ ನಡುವಿನ ಲೈನ್‌ಮನ್ ಆಗಿದ್ದೋರು, 17 ಸೀಸನ್ ಹಿಂಗೇ ಡಿಕ್ಕಿ ಹೊಡ್ಕೊಂಡು 2002ರಲ್ಲಿ ಬರೀ 50ನೇ ವಯಸ್ಸಿಗೆ ಹೋದ್ರು, ಡಾಕ್ಟರ್ ಬೆನೆಟ್ ಒಮಾಲು ಅವರ ಮಿದುಳು ಪರೀಕ್ಷೆ ಮಾಡಿದಾಗ್ಲೇ ತಲೆಗೆ ಪದೇಪದೇ ಏಟು ಬಿದ್ದು ಬರೋ ಸಿಟಿಇ ಅನ್ನೋ ಮಿದುಳು ಕಾಯಿಲೆ ವಿಷಯ ಎನ್‌ಎಫ್‌ಎಲ್ ಬಾಗಿಲಿಗೆ ಬಂದಿದ್ದು. ಹೆಲ್ಮೆಟ್ ಅವರನ್ನ ಕಾಪಾಡ್ಲಿಲ್ಲ, ಒಪ್ಪಿದೆ. ಆದ್ರೆ ಹೆಲ್ಮೆಟ್ ಇಲ್ಲದ ರಗ್ಬೀಲಿ ಏನಾಯ್ತು? 2003ರ ವರ್ಲ್ಡ್ ಕಪ್ ಗೆದ್ದ ಇಂಗ್ಲೆಂಡ್ ಆಟಗಾರ ಸ್ಟೀವ್ ಥಾಂಪ್ಸನ್‌ಗೆ 42ಕ್ಕೇ ಮರೆವಿನ ಕಾಯಿಲೆ ಡಿಮೆನ್ಷಿಯಾ, ಕಪ್ ಗೆದ್ದಿದ್ದೇ ನೆನಪಿಲ್ಲ ಅಂದ್ರು ಪಾಪ.

ಎನ್‌ಎಫ್‌ಎಲ್ ಆಟಗಾರರ ಜೊತೆಗಿನ 2011ರ ಒಪ್ಪಂದದಲ್ಲಿ ಸೀಸನ್ ನಡೆಯೋವಾಗ ಪ್ಯಾಡ್ ಹಾಕ್ಕೊಂಡು ಮಾಡೋ ಪ್ರಾಕ್ಟೀಸನ್ನ 14ಕ್ಕೆ ಇಳಿಸ್ತು, ಅದನ್ನ ಏಳಕ್ಕೆ ಇಳಿಸಿ ಅನ್ನಿ, ನಾನೂ ಕೈ ಎತ್ತೀನಿ. ಹೆಲ್ಮೆಟ್ ಮಾತ್ರ ಮುಟ್ಟಬೇಡಿ.