ಏಳು ಮಿಲಿಮೀಟರಿನ ಶ್ರದ್ಧೆ

ಕೇರಳಕ್ಕೆ ಸೇರಿದ ನಮ್ಮ ಕಾಸರಗೋಡಿನಲ್ಲಿ ಹೆದ್ದಾರಿಗಾಗಿ ಕಡಿದುರುಳಿಸಿದ ಮರದಲ್ಲಿ ಪೆನ್ನು ಮಾಡಿಸಿ, ಅದನ್ನೇ ಸಭೆಗೆ ಬಂದ ಗಣ್ಯರಿಗೆ ‘ಪರಿಸರಸ್ನೇಹಿ ಸ್ಮರಣಿಕೆ’ ಎಂದು ಹಂಚಿದ ಸುದ್ದಿ ನಿಮ್ಮ ಮೊಬೈಲಿಗೂ ಬಂದೇ ಇರುತ್ತದೆ. ಫೋಟೊ ನೋಡಿದಿರಲ್ಲ? ಬಟ್ಟೆಯ ಬ್ಯಾನರ್, ಸ್ಟೀಲ್ ಲೋಟ, ಪ್ಲಾಸ್ಟಿಕ್ ಬಳಸದ ‘ಹಸಿರು ಶಿಷ್ಟಾಚಾರ’ಕ್ಕೆ ಎಲ್ಲಿಯೂ ಚ್ಯುತಿಯಿಲ್ಲ. ಗಣ್ಯರೊಬ್ಬರು ಪೆನ್ನನ್ನು ಊದುಬತ್ತಿಯಂತೆ ಎರಡು ಬೆರಳಲ್ಲಿ ಹಿಡಿದು, ಯಾವ ದೇವರಿಗೆ ಬೆಳಗಬೇಕೆಂದು ತಿಳಿಯದೆ ಕ್ಯಾಮೆರಾದತ್ತ ನೋಡುತ್ತಿದ್ದಾರೆ.

ನನಗಂತೂ ಯೋಜನೆ ಬಹಳ ಹಿಡಿಸಿತು. ಜಿಲ್ಲೆಯ ಒಂದು ತುದಿ ತಲಪಾಡಿಯಿಂದ ಇನ್ನೊಂದು ತುದಿ ಕಾಲಿಕ್ಕಡವಿನವರೆಗೆ ರಸ್ತೆಬದಿಯಲ್ಲಿ ನಿಂತಿದ್ದ ಮಾವು, ಹಲಸು, ಗೋಳಿಮರಗಳು ಇಷ್ಟು ವರ್ಷ ನೆರಳು ಕೊಡುವುದೊಂದನ್ನು ಬಿಟ್ಟು ಬೇರೇನು ಮಾಡುತ್ತಿದ್ದವು? ಈಗ ಅವಕ್ಕೂ ಒಂದು ಉದ್ಯೋಗವಾಯಿತು. ಪೆನ್ನಿಗೆ ಬೇಕಾಗುವುದು ಮುಕ್ಕಾಲು ಇಂಚು ಚೌಕದ, ಐದು ಇಂಚು ಉದ್ದದ ತುಂಡು. ಒಂದು ಘನಮೀಟರ್ ಮರದಲ್ಲಿ ಲೆಕ್ಕದ ಪ್ರಕಾರ ಇಂಥವು 20,000ಕ್ಕೂ ಹೆಚ್ಚು. ಗರಗಸ ತಿಂದದ್ದು, ಗಂಟು, ಸೀಳು ಎಲ್ಲ ಕಳೆದರೂ ಅರ್ಧಕ್ಕೆ ಮೋಸವಿಲ್ಲ. ಜಿಲ್ಲೆಯಲ್ಲಿ ಅಷ್ಟು ಮಂದಿ ಗಣ್ಯರಿದ್ದಾರೆಯೇ ಎಂದು ಕೇಳಬೇಡಿ. ಇದ್ದಾರೆ. ಚುನಾವಣೆ ಹತ್ತಿರ ಬಂದರೆ ಇನ್ನೂ ಹೆಚ್ಚುತ್ತಾರೆ.

ಪೆನ್ನಿನ ಮಾತು ಬಂದದ್ದರಿಂದ ಸ್ವಲ್ಪ ದಾರಿ ಬಿಡುತ್ತೇನೆ. ಸರ್ವಿಸ್ ರಸ್ತೆಯಲ್ಲಿ ಓಡಾಡಿ ಅಭ್ಯಾಸವಿರುವ ನಿಮಗೆ ಇದೇನೂ ಕಷ್ಟವಾಗದು. ಬದಿಯಡ್ಕದ ಕಡೆ ನನ್ನ ಪರಿಚಯದ, ಮರಗೆಲಸದ ಆಚಾರ್ಯರೊಬ್ಬರಿದ್ದಾರೆ. ಮಂಚದ ಕಾಲು, ತೊಟ್ಟಿಲ ಕಂಬ ಕಡೆಯುತ್ತಿದ್ದವರು ಈಗ ಅದೇ ಕೈಯಲ್ಲಿ ಸಪೂರದ ಪೆನ್ನುಗಳನ್ನೂ ಲೇತಿಗೆ ಕೊಟ್ಟು ಕಡೆಯುತ್ತಾರೆ. “ಕಡೆಯುವುದು ದೊಡ್ಡ ಸಂಗತಿಯಲ್ಲ ಮಾಷ್ಟ್ರೇ, ತೂತು ನೇರ ಬರಬೇಕು” ಎನ್ನುತ್ತಾರೆ.

ತುಂಡನ್ನು ಎರಡಾಗಿ ಕತ್ತರಿಸುವ ಮೊದಲೇ ಅವರು ಅದರ ಮೈಮೇಲೆ ಪೆನ್ಸಿಲಿನಲ್ಲಿ ಒಂದು ಓರೆಗೆರೆ ಎಳೆಯುತ್ತಾರೆ. ಕತ್ತರಿಸಿದ ಮೇಲೆ ಯಾವ ತುದಿ ಯಾವುದಕ್ಕೆ ಕೂಡಬೇಕೆಂದು ನೋಡಿಕೊಳ್ಳುವುದಕ್ಕೆ ಆ ಗೆರೆ. ಅದಿಲ್ಲದಿದ್ದರೆ ಮೇಲಿನ ಅರ್ಧದಲ್ಲಿ ಹಲಸಿನ ಎಳೆ ಒಂದು ಕಡೆಗೆ ಓಡಿದರೆ ಕೆಳಗಿನ ಅರ್ಧದಲ್ಲಿ ಇನ್ನೊಂದು ಕಡೆಗೆ. ಕೊರೆಯುವುದೂ ಎರಡು ತುಂಡುಗಳು ಪರಸ್ಪರ ಕೂಡುವ ತುದಿಯಿಂದಲೇ. ಡ್ರಿಲ್ಲಿನ ಬಿಟ್ ಒಳಹೋಗುವ ಜಾಗ ನಮ್ಮ ಕೈಯಲ್ಲಿದೆ. ಹೊರಬರುವ ಜಾಗ ಮರದ ಮರ್ಜಿ. 7 ಮಿಲಿಮೀಟರಿನ ಬಿಟ್ ಮೆತ್ತಗಿನ ಎಳೆ ಸಿಕ್ಕಿದತ್ತ ವಾಲುತ್ತದೆ, ಗಂಟು ಎದುರಾದರೆ ಬದಿಗೆ ಸರಿಯುತ್ತದೆ. ಆದ್ದರಿಂದ ಸ್ವಲ್ಪ ಕೊರೆದು ಹೊರಗೆಳೆದು, ಹುಡಿ ಕೊಡವಿ, ಮತ್ತೆ ಸ್ವಲ್ಪ. ಅವಸರ ಮಾಡಿದರೆ ಹುಡಿ ಒಳಗೇ ಗಟ್ಟಿಯಾಗಿ, ಬಿಟ್ ಬಿಸಿಯಾಗುತ್ತದೆ, ಮರ ಸೀಳುತ್ತದೆ. ಇನ್ನೇನು ಆಚೆ ಬದಿಗೆ ಬಂತು ಎನ್ನುವಾಗ ತುದಿ ಸಿಡಿಯುವ ಭಯ ಬೇರೆ. ಅದಕ್ಕೆಂದೇ ಅಡಿಗೊಂದು ರದ್ದಿ ಹಲಗೆ ಒತ್ತಿ ಹಿಡಿಯುತ್ತಾರೆ. ಆಮೇಲೆ ಹಿತ್ತಾಳೆಯ ಕೊಳವೆಯನ್ನು ಉಜ್ಜಿ ಒರಟು ಮಾಡಿ ಒಳಗೆ ಅಂಟಿಸಿ, ಮರದ ತುದಿಯನ್ನು ಕೊಳವೆಗೆ ಸರಿಯಾಗಿ ಲಂಬವಾಗುವಂತೆ ಹೆರೆಯಬೇಕು. ತುಸು ಓರೆಯಾದರೂ ನಡುವಿನ ಉಂಗುರದ ಬಳಿ ಸಂದು ಬಿಡುತ್ತದೆ. ಲೇತಿನ ಸರಳಿಗೆ ಏರಿಸಿ ನಟ್ಟನ್ನು ಅತಿಯಾಗಿ ಬಿಗಿದರೆ ಸರಳೇ ಬಾಗಿ, ಪೆನ್ನು ಒಂದು ಬದಿ ದಪ್ಪ, ಇನ್ನೊಂದು ಬದಿ ತೆಳು. ಇಷ್ಟೆಲ್ಲ ಆಗಿ ತುದಿಯಲ್ಲಿ ಉಳಿಯುವ ಮರ ಒಂದು ಮಿಲಿಮೀಟರ್ ದಪ್ಪವೂ ಇರುವುದಿಲ್ಲ. ಗಣ್ಯರ ಜೇಬು ಸೇರಿದ ಪರಿಸರಪ್ರೇಮದ ದಪ್ಪವೂ ಅಷ್ಟೇ. ಮೇಲೆ ಥಳುಕು, ಒಳಗೆ ಹಿತ್ತಾಳೆ.

ಸ್ಮರಣಿಕೆಯ ಕೆಲಸ ಆಚಾರ್ಯರಿಗೆ ಸಿಕ್ಕಿರಲಿಲ್ಲ. ಫೋಟೊವನ್ನು ದೊಡ್ಡದು ಮಾಡಿ ನೋಡಿದ ಅವರು, “ಮೊನ್ನೆ ಕಡಿದ ಮರವಾದರೆ ಇನ್ನೂ ನೀರು ಆರಿರಲಿಕ್ಕಿಲ್ಲ, ಬೇಸಗೆಗೆ ಸೀಳು ಬಿಡುತ್ತದೆ” ಎಂದರು. ಇಂಥವರಿಗೆ ಹೆದ್ದಾರಿಯ ಗುತ್ತಿಗೆ ಜನ್ಮದಲ್ಲಿ ಸಿಗುವುದಿಲ್ಲ. ಕೊರೆಯುವ ಮೊದಲು ಯಾವ ಮರ, ಚೇಗು ಎಷ್ಟು, ಒಣಗಿದೆಯೇ ಎಂದು ಕೇಳುವ ಕೆಟ್ಟ ಅಭ್ಯಾಸ ಅವರದು.

ಹೆದ್ದಾರಿ ಬದಿಯ ಗುಡ್ಡಗಳಿಗೂ ತೂತು ಕೊರೆಯುತ್ತಾರೆ, ಗೊತ್ತಲ್ಲ? ಮೊದಲು ಗುಡ್ಡವನ್ನು ಗೋಡೆಯ ಹಾಗೆ ನೆಟ್ಟಗೆ ಕಡಿಯುವುದು. ಆಮೇಲೆ ಸರಳು ತೂರಿಸಿ, ಬಲೆ ಹೊದೆಸಿ, ಸಿಮೆಂಟ್ ಎರಚಿ, ನಿಲ್ಲು ಎಂದು ಹೇಳುವುದು. ಮೇಲೆ ಮುರಕಲ್ಲು, ಅಡಿಯಲ್ಲಿ ಜೇಡಿ, ಅದರ ಮೇಲೆ ನಮ್ಮ ಆಟಿ ತಿಂಗಳ ಮಳೆ. ಗುಡ್ಡಕ್ಕೆ ಟೆಂಡರ್ ಷರತ್ತು ಓದಲು ಬರುವುದಿಲ್ಲ. 2025ರ ಮೇ ತಿಂಗಳಲ್ಲಿ ಚೆರುವತ್ತೂರಿನ ಮಟ್ಟಲಾಯಿಯಲ್ಲಿ ಮಣ್ಣು ಜಾರಿತು. ಜುಲೈಯಲ್ಲಿ ಅಲ್ಲೇ ವೀರಮಲ ಗುಡ್ಡ ಕುಸಿಯಿತು. ಅದೇ ಮೇ ತಿಂಗಳಲ್ಲಿ ಮಲಪ್ಪುರಂ ಜಿಲ್ಲೆಯ ಕೂರಿಯಾಡಿನಲ್ಲಿ ಕಟ್ಟಿ ನಿಲ್ಲಿಸಿದ ಹೆದ್ದಾರಿಯೇ ಗದ್ದೆಗೆ ಇಳಿಯಿತು. ತಜ್ಞರು ಬಂದರು, ನೋಡಿದರು, ಮಣ್ಣು ಮೆತ್ತಗಿದೆ ಎಂದು ಕಂಡುಹಿಡಿದರು. ಗದ್ದೆಯ ಮಣ್ಣು ಮೆತ್ತಗಿರುತ್ತದೆ ಎಂಬುದು ಅಲ್ಲಿ ನೇಜಿ ನೆಟ್ಟವರಿಗೆಲ್ಲ ಗೊತ್ತು. ಕೇಳಿದರೆ ಹೇಳುತ್ತಿದ್ದರು.

ಮಟ್ಟಲಾಯಿಯಲ್ಲಿ ಒಬ್ಬ ಕಾರ್ಮಿಕ ಸತ್ತ. ಹೊರರಾಜ್ಯದಿಂದ ಕೂಲಿಗೆ ಬಂದವನು. ಪತ್ರಿಕೆಯಲ್ಲಿ ಒಂದು ದಿನ ಬಂತು, ಮರುದಿನ ಬೇರೆ ಸುದ್ದಿ. ಅಷ್ಟೆತ್ತರಕ್ಕೆ ನೆಟ್ಟಗೆ ಕಡಿದ ಗುಡ್ಡದ ಬುಡದಲ್ಲಿ ಮನುಷ್ಯರನ್ನು ನಿಲ್ಲಿಸಿ ಕೆಲಸ ಮಾಡಿಸಬಾರದು ಎಂದು ತಿಳಿಯಲು ಯಾವ ಸಮಿತಿಯೂ ಬೇಕಾಗಿಲ್ಲ. ಇದರಲ್ಲಿ ನಗುವುದಕ್ಕೆ ಏನೂ ಇಲ್ಲ. ಎಷ್ಟು ಬರೆದರೂ ಅದೇ. ಬರೆದು ಬರೆದು ಸಾಕಾಗಿದೆ.

ಸುಂಕದ ಕತೆಯನ್ನು ನಾನು ಹೇಳಬೇಕಾಗಿಲ್ಲ. ಒಂದು ಟೋಲಿನಿಂದ ಇನ್ನೊಂದಕ್ಕೆ ಸಾಮಾನ್ಯವಾಗಿ 60 ಕಿಲೋಮೀಟರ್ ಅಂತರವಿರಬೇಕು ಎನ್ನುತ್ತದೆ 2008ರ ನಿಯಮ. ತಲಪಾಡಿಯ ಟೋಲಿನಿಂದ ಕುಂಬಳೆಯ ಟೋಲಿಗೆ ಎಷ್ಟು ದೂರವೆಂದು ಶಾಲೆಯ ಮಕ್ಕಳನ್ನು ಕೇಳಿ. ಏಳು ಮಿಲಿಮೀಟರಿನಲ್ಲಿ ಕೂದಲೆಳೆ ತಪ್ಪಿದರೆ ಆಚಾರ್ಯರು ಆ ತುಂಡನ್ನು ಒಲೆಗೆ ಹಾಕುತ್ತಾರೆ. ಇಲ್ಲಿ ಅಳತೆಯೇ ತಪ್ಪಿದರೂ ಗೇಟು ನಿಲ್ಲುತ್ತದೆ, ಫಾಸ್ಟ್ಯಾಗ್ ಕೂಗುತ್ತದೆ.

ಇನ್ನು ಈ ಪೆನ್ನಿನಿಂದ ಗಣ್ಯರು ಬರೆಯುವುದಾದರೂ ಏನನ್ನು? ಕಡತಗಳೆಲ್ಲ ಕಂಪ್ಯೂಟರಿಗೆ ಹೋಗಿವೆ, ಸಹಿಯೂ ಡಿಜಿಟಲ್. ಪೆನ್ನು ಬೇಕಾದವರು ಕೌಂಟರಿನ ಈಚೆ ನಿಂತಿರುವ ನಾವು. ಅಲ್ಲಿ ನಮಗೆಂದು ಇಟ್ಟ ಪೆನ್ನಿಗೆ ಹಗ್ಗವಿದೆ, ಶಾಯಿಯಿಲ್ಲ. ಅರ್ಜಿಯ ಕನ್ನಡ ಪ್ರತಿ ಕೇಳಿದರೆ ಮುಗಿದಿದೆ ಎನ್ನುತ್ತಾರೆ. ಬಂದದ್ದು ಯಾವಾಗ ಎಂದು ಮಾತ್ರ ಯಾರೂ ಹೇಳುವುದಿಲ್ಲ. ಸ್ಮರಣಿಕೆಯ ಪೆಟ್ಟಿಗೆಯ ಮೇಲೂ ಮಲಯಾಳ, ಇಂಗ್ಲಿಷ್ ಎರಡೇ. ಕನ್ನಡಕ್ಕೆ ಜಾಗ ಸಾಲಲಿಲ್ಲವಂತೆ. ಆರು ಪಥದ ಹೆದ್ದಾರಿಗೆ ಸಾಲುತ್ತದೆ.

ಕಡಿದ ಮರಕ್ಕೆ ಬದಲಾಗಿ ಸಸಿ ನೆಡುವುದಾಗಿ ಅದೇ ಸಭೆಯಲ್ಲಿ ಘೋಷಣೆಯೂ ಆಗಿದೆ. ಎಲ್ಲಿ ಎಂದು ಹೇಳಿಲ್ಲ. ಎರಡು ಕಡೆ ಕಾಂಕ್ರೀಟ್ ಗೋಡೆ, ನಡುವೆ ಡಾಂಬರು, ಗೋಡೆಗೆ ಒತ್ತಿಕೊಂಡು ಚರಂಡಿ. ಸಸಿ ನೆಡುವವರು ಗುದ್ದಲಿಯ ಬದಲು ಆಚಾರ್ಯರ ಡ್ರಿಲ್ಲನ್ನೇ ಒಯ್ಯಬೇಕಾದೀತು. ಮುಂದಿನ ಸಭೆಗೆ ಸ್ಮರಣಿಕೆ ಏನೆಂದು ಇನ್ನೂ ತೀರ್ಮಾನವಾಗಿಲ್ಲದಿದ್ದರೆ ನನ್ನದೊಂದು ಸಲಹೆ: ಕೊಡೆ ಕೊಡಿ. ಗಣ್ಯರಿಗೆ ಬೇಡ, ಅವರ ಕಾರಿಗೆ ಚಾವಣಿಯಿದೆ. ಕುಂಬಳೆಯಲ್ಲಿ ಮಧ್ಯಾಹ್ನದ ಬಸ್ಸಿಗೆ ಬಿಸಿಲಲ್ಲಿ ಕಾಯುವವರಿಗೆ ಕೊಡಿ. ಹಿಡಿ ಬೇಕಾದರೆ ಮರದ್ದೇ ಇರಲಿ.