ಗಂಟೆ ಹೊಡೆಯದ ಕ್ಲಾಸು

ಶಾಲೆಯಲ್ಲಿ ಪಾಠ ಮಾಡುವವರಿಗೆ ಒಬ್ಬ ಆಪದ್ಬಾಂಧವ ಇರುತ್ತಾನೆ: ಗಂಟೆ. ಉತ್ತರ ತೋಚದ ಪ್ರಶ್ನೆ ಬಂತೋ, ಬೋರ್ಡು ಒರೆಸುತ್ತ, ಡಸ್ಟರ್ ಕೊಡವುತ್ತ ಎರಡು ನಿಮಿಷ ತಳ್ಳಿದರೆ ಸಾಕು, ಢಣ್ ಎಂದು ಬಡಿದು ಮಾನ ಉಳಿಸುತ್ತದೆ. ಹದಿನಾಲ್ಕು ವರ್ಷ ಅದರ ನೆರಳಲ್ಲಿ ಬದುಕಿದವಳು ನಾನು. ಈಗ ಶಾಲೆಗೆ ಹೋಗದೆ ಮನೆಯಲ್ಲೇ ಓದುವ ಮಕ್ಕಳಿಗೆ ಆನ್‌ಲೈನ್‌ನಲ್ಲಿ ಗಣಿತ, ವಿಜ್ಞಾನ ಹೇಳಿಕೊಡುತ್ತೇನೆ. ಇವಕ್ಕೆ ಗಂಟೆಯೂ ಇಲ್ಲ, "ಇದು ಪರೀಕ್ಷೆಗೆ ಬರಲ್ಲ, ಬಿಡಿ" ಎಂದರೆ ಬಿಡುವ ಅಭ್ಯಾಸವೂ ಇಲ್ಲ. ಮೈನಸ್ ಇಂಟು ಮೈನಸ್ ಪ್ಲಸ್ ಎಂದರೆ ಬರೆದುಕೊಳ್ಳುವ ಬದಲು "ಯಾಕೆ?" ಎನ್ನುತ್ತವೆ. ಹೇಳುವವರೆಗೂ ಎನ್ನುತ್ತವೆ.

ಮೊದಲ ಪೆಟ್ಟು ಬಿದ್ದದ್ದು ಫ್ಲೆಮಿಂಗ್‌ನ ಎಡಗೈ ನಿಯಮದ ದಿನ. ಮೂರು ಬೆರಳನ್ನು ಒಂದಕ್ಕೊಂದು ಲಂಬವಾಗಿ ಹಿಡಿಯಬೇಕು. ತೋರುಬೆರಳು ಕಾಂತಕ್ಷೇತ್ರ, ನಡುಬೆರಳು ವಿದ್ಯುತ್ ಪ್ರವಾಹ, ತಂತಿ ಯಾವ ಕಡೆ ಜಿಗಿಯುತ್ತದೆ ಎನ್ನುವುದಕ್ಕೆ ಹೆಬ್ಬೆರಳು. ಎಡಗೈ ಎತ್ತಿದೆ. ಪರದೆ ನೋಡಿದರೆ ಬಲಗೈ! ಗಾಬರಿಯಾಗಿ ಕೈ ಬದಲಿಸಿದೆ. ಈಗ ಎಡಗೈ ಕಂಡಿತು, ಸಮಾಧಾನವಾಯಿತು. ನಮ್ಮ ಚಿತ್ರ ನಮಗೆ ಮಾತ್ರ ಕನ್ನಡಿಯ ಹಾಗೆ ತಿರುಗಿ ಕಾಣುತ್ತದೆ, ಉಳಿದವರಿಗೆ ನೆಟ್ಟಗೇ ಕಾಣುತ್ತದೆ ಎನ್ನುವುದು ಆ ಹೊತ್ತಿಗೆ ಹೊಳೆಯಬೇಕಲ್ಲ! ಐದು ಮಕ್ಕಳು ಭಕ್ತಿಯಿಂದ ಬಲಗೈ ಎತ್ತಿದವು. ಒಬ್ಬಳಂತೂ ಅಯಸ್ಕಾಂತ, ಬ್ಯಾಟರಿ, ತಾಮ್ರದ ತಂತಿ ಜೋಡಿಸಿಕೊಂಡೇ ಕೂತಿದ್ದಳು.

"ಮಿಸ್, ತಂತಿ ಮೇಲಕ್ಕೆ ನೆಗೀತು. ನಿಮ್ಮ ಹೆಬ್ಬೆರಳು ಕೆಳಗಿದೆ."

ಬ್ಯಾಟರಿ ತಿರುಗಿಸಿ ಹಾಕು ಎಂದೆ. ಹಾಕಿದಳು. ತಂತಿ ಕೆಳಕ್ಕೆ ಹೋಯಿತು, ನನ್ನ ಹೆಬ್ಬೆರಳು ಮೇಲಕ್ಕೆ ಬಂತು. ಆ ತಂತಿಗೂ ನನಗೂ ಯಾವ ಜನ್ಮದ ಹಗೆಯೋ ಅಂದುಕೊಳ್ಳುವಷ್ಟರಲ್ಲಿ ಇನ್ನೊಬ್ಬ ಮೆಲ್ಲಗೆ ಕೇಳಿದ: "ಎಡಗೈ ನಿಯಮಕ್ಕೆ ಬಲಗೈ ಯಾಕೆ ಮಿಸ್?"

ಲೋಲಕದ ಪಾಠದ ಮುಂದೆ ಇದು ಏನೂ ಅಲ್ಲ. ಒಂದು ಮೀಟರ್ ಉದ್ದದ ಲೋಲಕ ಒಮ್ಮೆ ಹೋಗಿ ಬರಲು ಸುಮಾರು 2 ಸೆಕೆಂಡು ಬೇಕು. ಹತ್ತು ಸಲಕ್ಕೆ 20. ತುದಿಯಲ್ಲಿರುವುದು ಹಗುರವೋ ಭಾರವೋ, ಲೆಕ್ಕಕ್ಕಿಲ್ಲ; ಇದು ವಿಜ್ಞಾನಿ ಗೆಲಿಲಿಯೊ ಹೇಳಿದ ಮಾತು. ಹನ್ನೊಂದು ವರ್ಷದ ಪೋರನೊಬ್ಬ ಬಾಗಿಲ ಚೌಕಟ್ಟಿಗೆ ದಾರ ಇಳಿಬಿಟ್ಟು ರಬ್ಬರ್ ಕಟ್ಟಿದ. 20 ಸೆಕೆಂಡು. ವಿಡಿಯೊ ತಡವಾಗಿ ಬರುತ್ತದಲ್ಲ, ನನ್ನ ಸ್ಟಾಪ್‌ವಾಚ್ ತಪ್ಪುತ್ತದೇನೋ ಎಂದು ನಾನು ಅನುಮಾನಿಸಿದರೆ, ಶುರುವೂ ಕೊನೆಯೂ ಅಷ್ಟಷ್ಟೇ ತಡವಾದರೆ ಲೆಕ್ಕ ಸರಿಯೇ ಇರುತ್ತದೆಂದು ಅವನೇ ಸಮಾಧಾನ ಹೇಳಿದ. ರಬ್ಬರ್ ತೆಗೆದು ಬೀಗ ಕಟ್ಟಿದ. ಮತ್ತೆ 20. ನಾನೂ ಬೀಗಿದೆ. "ಏನು ಬೇಕಾದ್ರೂ ಕಟ್ಟು, ನೋಡೋಣ" ಎಂದೆ.

ತಂಗಿಯ ಬಟ್ಟೆ ಗೊಂಬೆಯ ಜಡೆಗೆ ದಾರ ಕಟ್ಟಿ ತೂಗಿಬಿಟ್ಟ. 22 ಸೆಕೆಂಡು. ಇನ್ನೊಮ್ಮೆ ಎಣಿಸಿದೆವು. 22.

"ಹಾಗಾದ್ರೆ ಭಾರ ಲೆಕ್ಕಕ್ಕಿದೆ. ಗೆಲಿಲಿಯೊ ಸುಳ್ಳು ಹೇಳಿದ್ನಾ ಮಿಸ್?"

ಗಾಳಿಯ ಮೇಲೆ ತಪ್ಪು ಹೊರಿಸಿದೆ. "ಗಾಳಿ ಎರಡು ಸೆಕೆಂಡು ತಿನ್ನುತ್ತಾ?" ಎಂದ. ಮಿಕ್ಕ ನಾಲ್ಕು ಚೌಕಗಳಿಂದಲೂ ಕಣ್ಣುಗಳು ನನ್ನನ್ನೇ ನೋಡುತ್ತಿದ್ದವು. ಹೊಡೆಯುವುದಕ್ಕೆ ಗಂಟೆಯಿಲ್ಲ. ಆಗ ನಾನು ಮಾಡಿದ್ದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಅರ್ಧ ತೆರೆದ ಬಾಯಿಯನ್ನು ಹಾಗೇ ಇಟ್ಟುಕೊಂಡು, ರೆಪ್ಪೆ ಮಿಟುಕಿಸದೆ, ನೆಟ್‌ವರ್ಕ್ ಕೈಕೊಟ್ಟವಳಂತೆ ಕಲ್ಲಾಗಿ ಕೂತೆ.

"ಮಿಸ್ ಫ್ರೀಜ್ ಆದ್ರು," ಎಂದಳು ಒಬ್ಬಳು.

"ಇಲ್ಲ," ಎಂದ ಪೋರ. "ಹಿಂದೆ ಫ್ಯಾನ್ ತಿರುಗ್ತಾ ಇದೆ."

ಸೂಕ್ಷ್ಮವಾಗಿ ಗಮನಿಸುವುದೇ ವಿಜ್ಞಾನದ ಮೊದಲ ಹೆಜ್ಜೆ ಎಂದು ವಾರದ ಹಿಂದಷ್ಟೇ ಭಾಷಣ ಬಿಗಿದಿದ್ದೆ. ತಣ್ಣಗೆ ರೆಪ್ಪೆ ಮಿಟುಕಿಸಿದೆ.

ಪುಣ್ಯಕ್ಕೆ ಆ ಕಡೆ ದೊಡ್ಡ ಗಲಾಟೆ ಎದ್ದಿತು. ತಂಗಿ ಅಳುತ್ತ ಬಂದವಳು, ಜಡೆ ನೋಯುತ್ತೆ, ಕಟ್ಟುವುದಾದರೆ ಸೊಂಟಕ್ಕೆ ಕಟ್ಟು ಎಂದು ಹಟ ಹಿಡಿದಳು. ಅವಳ ಕಾಟ ತಡೆಯಲಾರದೆ ಅಷ್ಟೇ ಉದ್ದದ ದಾರವನ್ನು ಸೊಂಟಕ್ಕೆ ಬಿಗಿದ. 20 ಸೆಕೆಂಡು! ಆಗ ನನ್ನ ತಲೆಯಲ್ಲಿ ದೀಪ ಹತ್ತಿತು. ಲೋಲಕದ ಉದ್ದ ದಾರದ ತುದಿಗೆ ಮುಗಿಯುವುದಿಲ್ಲ, ತೂಗುವ ವಸ್ತುವಿನ ಭಾರದ ನಡುವಿನವರೆಗೆ ಅಳೆಯಬೇಕು. ಜಡೆಗೆ ಕಟ್ಟಿದಾಗ ಗೊಂಬೆಯ ಹೊಟ್ಟೆ ಇನ್ನೂ 20 ಸೆಂಟಿಮೀಟರ್ ಕೆಳಗಿತ್ತು. 1.2 ಮೀಟರಿಗೆ 22 ಸೆಕೆಂಡು ಸರಿಯಾಗಿಯೇ ಇದೆ. ಸೂತ್ರ ಬಾಯಿಪಾಠ ಇದ್ದ ನನಗೆ ಹೊಳೆಯದ್ದು ಗೊಂಬೆಯ ಜಡೆಗಾಗಿ ಅತ್ತ ನಾಲ್ಕು ವರ್ಷದವಳಿಂದ ಬಗೆಹರಿಯಿತು. ಇದನ್ನೇ ಹೇಳಬೇಕೆಂದಿದ್ದೆ, ನೀವೇ ಕಂಡುಹಿಡಿಯಲಿ ಅಂತ ಸುಮ್ಮನಿದ್ದೆ ಎಂದೆ. ಯಾರೂ ನಂಬಿದ ಹಾಗೆ ಕಾಣಲಿಲ್ಲ.

ಇವತ್ತಿನ ಪಾಠ ಸೊನ್ನೆಯಿಂದ ಭಾಗಿಸುವುದು. ಬೆವರು ಹರಿದರೂ ಚಿಂತೆಯಿಲ್ಲ ಎಂದು ಫ್ಯಾನ್ ಆಫ್ ಮಾಡಿಯೇ ಕೂತಿದ್ದೇನೆ.