ಪ್ಯೋಂಗ್ಯಾಂಗಿನಲ್ಲಿ ಗಿಡ್ಡ ಪ್ಯಾಂಟು

ನಾನು ಆರ್ಕೆಸ್ಟ್ರಾದಲ್ಲಿದ್ದೇನೆ ಎಂದರೆ ನಮ್ಮ ನೆಂಟರು ಮೊದಲು ಕೇಳುವುದು, "ಗಣೇಶನ ಹಬ್ಬಕ್ಕೆ ಎಷ್ಟು ತಗೋತೀಯಪ್ಪ?" ಎಂದು. ಎರಡನೆಯ ಪ್ರಶ್ನೆ, "ಹಾಡೋರು ಯಾರು?" ಹಾಡುವವರು ಯಾರೂ ಇಲ್ಲ, ಮೂವತ್ತು ಜನ ಕೂತು ನುಡಿಸುತ್ತೇವೆ, ಎದುರಿಗೆ ಒಬ್ಬ ನಿಂತು ಕಡ್ಡಿ ಆಡಿಸುತ್ತಾನೆ ಎಂದು ವಿವರಿಸಿದರೆ ಮೈಸೂರಿನ ನನ್ನ ಚಿಕ್ಕಮ್ಮ "ಪಾಪ" ಎನ್ನುತ್ತಾರೆ. ಅರಮನೆ ಬ್ಯಾಂಡು ಕೇಳಿ ಬೆಳೆದ ಊರಿನವರೇ ಹೀಗಂದರೆ ಬೇರೆಯವರ ಮಾತು ಬಿಡಿ.

ನಾನು ನುಡಿಸುವುದು ವಯೋಲಾ. ಅದು ಪಿಟೀಲಿನ ಅಣ್ಣ. ಮೈ ಸ್ವಲ್ಪ ದೊಡ್ಡದು, ದನಿ ತಗ್ಗು, ಮದುವೆಮನೆಯಲ್ಲಿ ದೊಡ್ಡಣ್ಣನನ್ನು ಯಾರೂ ಮಾತಾಡಿಸದ ಹಾಗೆ ಇದನ್ನೂ ಯಾರೂ ಗಮನಿಸುವುದಿಲ್ಲ. ನಮ್ಮಲ್ಲಿ ಗುಂಡನ ಜೋಕುಗಳಿರುವಂತೆ ಯುರೋಪಿನ ಆರ್ಕೆಸ್ಟ್ರಾಗಳಲ್ಲಿ ವಯೋಲಾ ಜೋಕುಗಳಿವೆ. ಜರ್ಮನಿಯ ಸಣ್ಣ ಊರೊಂದರ ತಂತಿವಾದ್ಯದ ತಂಡದಲ್ಲಿ ಹೀಗೆ ಗುಂಡನ ಸ್ಥಾನದಲ್ಲಿದ್ದ ನಾನು 2016ರ ವಸಂತದಲ್ಲಿ ತಂಡದ ಜೊತೆ ಸಂಗೀತ ಕಛೇರಿ ಕೊಡಲು ಉತ್ತರ ಕೊರಿಯಾಕ್ಕೆ ಹೋಗಿಬಂದೆ.

ಹೊರಡುವ ಹಿಂದಿನ ದಿನ ಹೆಂಡತಿ ಮೂರು ಸಲ ಹೇಳಿದ್ದಳು. "ರೀ, ಕಛೇರಿಯ ಕರಿ ಬಟ್ಟೆ ಬೇರೆ ಬ್ಯಾಗಲ್ಲಿದೆ. ಮರೀಬೇಡಿ." ಒಂದು ಸಲ ಹೇಳಿದ್ದರೆ ನೆನಪಿರುತ್ತಿತ್ತೇನೋ. ಬೀಜಿಂಗ್ ವಿಮಾನ ನಿಲ್ದಾಣದ ಟಾಯ್ಲೆಟ್ಟಿನ ಬಾಗಿಲ ಹಿಂದಿನ ಕೊಕ್ಕೆಗೆ ಆ ಬ್ಯಾಗನ್ನು ನೇತುಹಾಕಿ, ಕೈ ತೊಳೆದು, ವಯೋಲಾ ಪೆಟ್ಟಿಗೆಯನ್ನು ಮಗುವಿನಂತೆ ಅವಚಿಕೊಂಡು ವಿಮಾನ ಹತ್ತಿದೆ. ವಿಮಾನದಲ್ಲಿ ತಣ್ಣಗಿನ ಬರ್ಗರ್ ಬಂತು. ಒಳಗಿನ ಮಾಂಸ ಯಾವುದೆಂದು ಯಾರಿಗೂ ಹೊಳೆಯಲಿಲ್ಲ. ಸಸ್ಯಾಹಾರಿಯಾದ ನಾನು ಅದನ್ನು ಪಕ್ಕದವನಿಗೆ ದಾಟಿಸಿ ಕೈ ಒರೆಸಿಕೊಳ್ಳುವಾಗ ಆ ಕೊಕ್ಕೆ ಕಣ್ಣ ಮುಂದೆ ಬಂತು.

ಮೊಬೈಲು ಕೈಯಲ್ಲಿದ್ದರೂ ರಾಜಧಾನಿ ಪ್ಯೋಂಗ್ಯಾಂಗಿನ ಸುನಾನ್ ನಿಲ್ದಾಣದಲ್ಲಿ ಇಳಿದ ಕೂಡಲೇ ಅದು ಬರೀ ಗಡಿಯಾರವಾಯಿತು. ಗಡಿಯಾರವೂ ತಪ್ಪು. ಹಿಂದಿನ ವರ್ಷದ ಆಗಸ್ಟ್ 15ರಂದು ಆ ದೇಶ ತನ್ನ ಗಡಿಯಾರವನ್ನು ಅರ್ಧ ಗಂಟೆ ಹಿಂದಕ್ಕೆ ಸರಿಸಿಕೊಂಡಿತ್ತು. (2018ರಲ್ಲಿ ಮತ್ತೆ ಮುಂದಕ್ಕೆ ತಂದರು.) ನಮ್ಮ ಜರ್ಮನ್ನರು ಈ ಅರ್ಧ ಗಂಟೆಗೆ ತಲೆ ಕೆಡಿಸಿಕೊಂಡು ಲೆಕ್ಕ ಹಾಕುತ್ತಿದ್ದರೆ ನಾನು ಮಾತ್ರ ನಿರಾಳ. ಭಾರತಕ್ಕೂ ಅಲ್ಲಿಗೂ ಸರಿಯಾಗಿ ಮೂರು ಗಂಟೆ! ಅರ್ಧ ಗಂಟೆಯ ದೇಶದಲ್ಲಿ ಹುಟ್ಟಿದ್ದರಿಂದ ನನಗೆ ಉಪಯೋಗವಾಗಿದ್ದು ಜೀವಮಾನದಲ್ಲಿ ಅದೊಂದೇ ಸಲ.

ಕಸ್ಟಮ್ಸಿನಲ್ಲಿ ಮೊದಲು ಹೊರಬಂದದ್ದು ಚಟ್ನಿಪುಡಿ. ಅಧಿಕಾರಿ ಡಬ್ಬಿಯ ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿದ. ಬ್ಯಾಡಗಿ ಮೆಣಸಿನಕಾಯಿ ತನ್ನ ಕೆಲಸ ಮಾಡಿತು. ನಾಲ್ಕು ಸಲ ಸೀನಿ, ಕಣ್ಣೊರೆಸಿಕೊಂಡು, ಡಬ್ಬಿಯನ್ನು ಬಹಳ ಗೌರವದಿಂದ ಮುಚ್ಚಿಟ್ಟ. ಆಮೇಲೆ ಕಮಾನಿಗೆ ಉಜ್ಜುವ ರೋಸಿನ್ ತುಂಡು. ಅದನ್ನು ಮೂಸಲಿಲ್ಲ, ಬುದ್ಧಿ ಬಂದಿತ್ತು.

ನಿಜವಾದ ತಕರಾರು ಎದ್ದದ್ದು ಸ್ವರಲಿಪಿಯ ಹಾಳೆಗಳಲ್ಲಿ. ಡ್ವೊರ್ಜಾಕನ ಸೆರನೇಡ್ ಎಂಬ ಕೃತಿಯ ನನ್ನ ಪ್ರತಿಯ ತುಂಬ ಪೆನ್ಸಿಲ್ ಗುರುತುಗಳು. ಕಮಾನು ಮೇಲಕ್ಕೆ, ಕೆಳಕ್ಕೆ, ಇಲ್ಲಿ ಉಸಿರು, ಅಲ್ಲಿ ನಿಧಾನ. ಅಪರಿಚಿತನ ಕಣ್ಣಿಗೆ ಅದು ಗೂಢಲಿಪಿಯೇ. ಎಲ್ಲವನ್ನೂ ಬಿಟ್ಟು ಅವನ ಬೆರಳು ಹೋಗಿ ನಿಂತದ್ದು ಒಂದು ಕನ್ನಡಕದ ಚಿತ್ರದ ಮೇಲೆ. ಕಷ್ಟದ ಜಾಗಗಳಲ್ಲಿ ನಾವು ಹಾಳೆಯ ಮೇಲೆ ಕನ್ನಡಕ ಬರೆದುಕೊಳ್ಳುತ್ತೇವೆ. ಹಾಳೆ ಬಿಟ್ಟು ಕಡ್ಡಿ ಆಡಿಸುವ ಕಂಡಕ್ಟರನ್ನು ನೋಡು ಎಂದು ಅದರ ಅರ್ಥ. "ಇದು ಏನು? ಯಾರು ಯಾರನ್ನು ನೋಡುವುದು?" ಗೈಡಿನ ಮೂಲಕ ಪ್ರಶ್ನೆ ಬಂತು. ಈ ದೇಶದಲ್ಲಿ ಅದು ಸಣ್ಣ ಪ್ರಶ್ನೆಯಲ್ಲ. ನಾನು ಬೆವರುತ್ತಾ, "ಕಷ್ಟ ಬಂದಾಗ ನಾಯಕನ ಕಡೆ ನೋಡಬೇಕು, ಅದಕ್ಕೆ" ಎಂದೆ. ಅಧಿಕಾರಿಯ ಮುಖ ಅರಳಿತು. ಇಡೀ ಪ್ರವಾಸದಲ್ಲಿ ರಾಜಕೀಯವಾಗಿ ನಾನು ಆಡಿದ ಒಂದೇ ಒಂದು ಸರಿಯಾದ ಮಾತು.

ನಮಗೆ ಇಬ್ಬರು ಗೈಡುಗಳು, ದೊಡ್ಡವರು ಮತ್ತು ಚಿಕ್ಕವರು. ಒಬ್ಬರು ನಮ್ಮನ್ನು ನೋಡಿಕೊಳ್ಳಲು, ಇನ್ನೊಬ್ಬರು ಅವರನ್ನು ನೋಡಿಕೊಳ್ಳಲು ಎಂದು ಸೆಲ್ಲೋದವನು ಪಿಸುಗುಟ್ಟಿದ. ಜೊತೆಗೊಬ್ಬ ವಿಡಿಯೋದವನು. ಕೊನೆಗೆ ಡಿವಿಡಿ ಮಾಡಿ ಯೂರೋಗೆ ಮಾರುವುದು ಅವನ ಕೆಲಸ.

ಮೊದಲ ನಿಲುಗಡೆ ಮಾನ್ಸು ಗುಡ್ಡ. ಅಲ್ಲಿ ದೇಶವನ್ನಾಳಿದ ತಂದೆ-ಮಗ ಕಿಮ್ ಇಲ್ ಸಂಗ್ ಮತ್ತು ಕಿಮ್ ಜಾಂಗ್ ಇಲ್‌ರ, ಇಪ್ಪತ್ತು ಮೀಟರಿಗೂ ಮಿಕ್ಕಿದ ಎರಡು ಕಂಚಿನ ಪ್ರತಿಮೆಗಳು. ತಂದೆಯದು 1972ರದ್ದು, ಮಗನದು 2012ರಲ್ಲಿ ಸೇರಿದ್ದು. ನಿಯಮಗಳನ್ನು ಬಸ್ಸಿನಲ್ಲೇ ಹೇಳಿದ್ದರು. ಸಾಲಾಗಿ ನಿಂತು ಬಗ್ಗಬೇಕು, ಕೈ ಜೇಬಿನಲ್ಲಿರಬಾರದು, ಫೋಟೋದಲ್ಲಿ ಪ್ರತಿಮೆಯ ತಲೆಯಾಗಲಿ ಕಾಲಾಗಲಿ ತುಂಡಾಗಬಾರದು. ಎಲ್ಲ ಸರಿ. ಆದರೆ ಎದುರಿಗೆ ಮೂರ್ತಿ, ಕೈಯಲ್ಲಿ ಹೂವು, ಕಾಲಕೆಳಗೆ ಕಲ್ಲಿನ ನೆಲ. ಚಾಮುಂಡಿಬೆಟ್ಟ ಹತ್ತಿ ಬೆಳೆದ ಕಾಲು ನನ್ನನ್ನು ಕೇಳದೆಯೇ ಬೂಟು ಕಳಚಿತ್ತು. ಎಡಗಾಲಿನ ಕಾಲುಚೀಲದ ತೂತಿನಿಂದ ಹೆಬ್ಬೆರಳು ಇಣುಕಿ ನೋಡುತ್ತಿತ್ತು. ಪ್ರದಕ್ಷಿಣೆಗೆ ಎಡಕ್ಕೆ ಹೊರಳುವಷ್ಟರಲ್ಲಿ ಚಿಕ್ಕ ಗೈಡು ತೋಳು ಹಿಡಿದು ನಿಲ್ಲಿಸಿದರು. ದೊಡ್ಡ ಗೈಡು ಮಾತ್ರ ಗದ್ಗದರಾಗಿದ್ದರು. "ಇಂಡಿಯಾದಲ್ಲಿ ಅತ್ಯಂತ ಹೆಚ್ಚಿನ ಗೌರವ ಹೀಗೆಯೇ?" ಹೌದೆಂದೆ. ಅಲ್ಲವೆನ್ನಲು ಸಾಧ್ಯವೇ? ಅವರು ಉಳಿದವರ ಬೂಟುಗಳ ಕಡೆ ಒಂದು ನೋಟ ಹರಿಸಿದರು. ನಮ್ಮ ಮ್ಯಾನೇಜರು ನನ್ನ ಕಡೆ ಬೇರೊಂದು ನೋಟ ಹರಿಸಿದರು. ವಿಡಿಯೋದವನು ಮೊಣಕಾಲೂರಿ ಹೆಬ್ಬೆರಳಿನ ಹತ್ತಿರ ಬಂದ.

ತಂಗಿದ್ದು ತೇದೊಂಗ್ ನದಿಯ ನಡುಗಡ್ಡೆಯ ಯಾಂಗಾಕ್‌ಡೋ ಹೋಟೆಲಿನಲ್ಲಿ. ನಲವತ್ತೇಳು ಮಹಡಿ, ಲಿಫ್ಟಿನಲ್ಲಿ ಐದರ ಗುಂಡಿಯೇ ಇಲ್ಲ. ಯಾಕೆಂದು ನಾನು ಕೇಳಲಿಲ್ಲ. ಊಟಕ್ಕೆ ಅನ್ನ, ಮೊಟ್ಟೆ, ಕಿಮ್ಚಿ. ಉಪ್ಪಿನಕಾಯಿಯಂತೆ ಖುಷಿಯಾಗಿ ಎರಡು ದಿನ ಚಪ್ಪರಿಸಿದ ಮೇಲೆ ಕಿಮ್ಚಿಗೆ ಉಪ್ಪಿನಲ್ಲಿ ಊರಿಸಿದ ಸೀಗಡಿ ಹಾಕುತ್ತಾರೆಂದು ತಿಳಿಯಿತು. ಆಗಿದ್ದು ಆಗಿಹೋಗಿತ್ತು. ಅಮ್ಮನಿಗೆ ಇದನ್ನು ಇನ್ನೂ ಹೇಳಿಲ್ಲ.

ಎರಡೂ ಕೊರಿಯಾಗಳ ಗಡಿಯಲ್ಲಿರುವ ಪಾನ್‌ಮುನ್‌ಜಾಮಿಗೆ ಕರೆದೊಯ್ದ ದಿನ ನನಗೆ ದೇಶಾಭಿಮಾನ ಉಕ್ಕಿತು. ಕೊರಿಯಾ ಯುದ್ಧ ನಿಂತ ಮೇಲೆ, 1953ರಲ್ಲಿ, ಊರಿಗೆ ಮರಳಲು ಒಪ್ಪದ ಕೈದಿಗಳ ಉಸ್ತುವಾರಿಗೆ ತಟಸ್ಥ ರಾಷ್ಟ್ರಗಳ ಆಯೋಗ ಮಾಡಿದ್ದರಲ್ಲ, ಅದರ ಅಧ್ಯಕ್ಷರು ಕೊಡಗಿನ ತಿಮ್ಮಯ್ಯ. ಸುಮ್ಮನಿರಲಾಗದೆ ದೊಡ್ಡ ಗೈಡಿಗೆ ಹೇಳಿದೆ. "ನಮ್ಮ ಜನರಲ್ ಇಲ್ಲಿಗೆ ಬಂದಿದ್ದರು." ಆ ನಾಡಿನಲ್ಲಿ ಜನರಲ್ ಎಂದರೆ ಕಿಮ್ ಜಾಂಗ್ ಇಲ್, ಮತ್ತೊಬ್ಬರಿಲ್ಲ. ಗೈಡು ಬೆಚ್ಚಿ ಸುತ್ತ ನೋಡಿ, "ಯಾವ ಜನರಲ್?" ಎಂದರು. "ಕೊಡಗಿನ ಜನರಲ್." "ಕೊಡಗು ಯಾವ ದೇಶ?" ಅಲ್ಲಿಗೆ ನಿಲ್ಲಿಸಿದೆ. ಕೊಡಗಿನ ಪ್ರತ್ಯೇಕತೆಯ ಚರ್ಚೆಯನ್ನು ಪಾನ್‌ಮುನ್‌ಜಾಮಿನಲ್ಲಿ ತೆರೆಯುವ ಧೈರ್ಯ ನನಗಿರಲಿಲ್ಲ.

ಈಗ ಪ್ಯಾಂಟಿನ ವಿಷಯ. ಕರಿ ಅಂಗಿಯನ್ನು ಡಬಲ್ ಬಾಸ್ ನುಡಿಸುವವನು ಕೊಟ್ಟ. ಅದರಲ್ಲಿ ನನ್ನಂಥವರು ಇಬ್ಬರು ಸಂಸಾರ ಮಾಡಬಹುದು. ಪ್ಯಾಂಟು ಯಾರಲ್ಲೂ ಹೆಚ್ಚಿಗೆ ಇರಲಿಲ್ಲ. ಅಂಗಡಿಗೆ ಹೋಗಿ ಕೊಂಡುಬರುತ್ತೇನೆ ಎಂದೆ, ಹಾಗೆಲ್ಲ ಒಬ್ಬರೇ ಹೋಗುವಂತಿಲ್ಲ. ಚಿಕ್ಕ ಗೈಡು ಎಲ್ಲೆಲ್ಲಿಗೋ ಫೋನು ಮಾಡಿ, ಎರಡು ಕಡೆ ಅನುಮತಿ ಪಡೆದು, ರಂಗಮಂದಿರದ ಉಡುಪಿನ ಕೋಣೆಯಿಂದ ಒಂದು ತಂದರು. ಅಗಲ ಧಾರಾಳವಾಗಿತ್ತು, ಉದ್ದ ಮಾತ್ರ ಪಾದದಿಂದ ಒಂದು ಗೇಣು ಮೇಲಕ್ಕೇ ಮುಗಿದಿತ್ತು. ಬೆಲ್ಟು ಹಾಕುವ ಅಭ್ಯಾಸ ನನಗಿಲ್ಲ, ಉಡಿದಾರವನ್ನು ಎಂದೋ ಬಿಟ್ಟಿದ್ದೆ. ಕೋಣೆಯ ಅಜ್ಜಿ ಸೊಂಟದ ಹಿಂದೆ ಮಡಿಕೆ ಹಾಕಿ ದೊಡ್ಡದೊಂದು ಪಿನ್ನು ಚುಚ್ಚಿ, ಬೆನ್ನಿಗೆ ಒಂದು ತಟ್ಟಿ ಕಳಿಸಿದರು. ಕರಿ ಕಾಲುಚೀಲ ಇದ್ದದ್ದು ಒಂದೇ ಜೊತೆ. ತೂತಿನದು.

ನಮ್ಮ ಕಂಡಕ್ಟರು ಮಾತೆತ್ತಿದರೆ ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್‌ನವರ ಕಥೆ ಹೇಳುತ್ತಿದ್ದರು. ಅವರು 2008ರ ಫೆಬ್ರವರಿ 26ರಂದು ಇದೇ ಊರಿನಲ್ಲಿ, ಲೋರಿನ್ ಮಾಜೆಲ್ ನೇತೃತ್ವದಲ್ಲಿ, ಅಮೆರಿಕ, ಉತ್ತರ ಕೊರಿಯಾ ಎರಡೂ ದೇಶಗಳ ರಾಷ್ಟ್ರಗೀತೆ ನುಡಿಸಿದ್ದರು. ನನಗೆ ಇಷ್ಟವಾದದ್ದು ಬೇರೆ ಸಂಗತಿ. ಬರ್ನ್‌ಸ್ಟೈನನ ಒಂದು ಕೃತಿಯನ್ನು ತಮ್ಮ ಹಿಂದಿನ ಕಂಡಕ್ಟರಾದ ಅವನ ನೆನಪಿಗಾಗಿ ಅವರು ಕಂಡಕ್ಟರಿಲ್ಲದೆ ನುಡಿಸುವುದು ವಾಡಿಕೆ, ಅಲ್ಲೂ ಹಾಗೇ ಮಾಡಿದರು. ನಾಯಕ ಪಕ್ಕಕ್ಕೆ ಸರಿದರೂ ಅಷ್ಟು ಜನ ತಾಳ ತಪ್ಪದೆ ನುಡಿಸಬಹುದೆಂದು ಆ ಊರಿನಲ್ಲಿ ಕೂತು ತೋರಿಸಿಬಂದರಲ್ಲ! ಈ ಮಾತನ್ನು ನಾನು ನಮ್ಮ ಕಂಡಕ್ಟರಿಗೂ ಹೇಳಲಿಲ್ಲ, ಗೈಡಿಗೂ ಹೇಳಲಿಲ್ಲ. ಇಬ್ಬರಿಗೂ ಹಿಡಿಸುವಂಥದ್ದಲ್ಲ.

ಸಭಾಂಗಣದ ಚಪ್ಪಾಳೆಗೆ ಸ್ವಿಚ್ಚು ಇದ್ದಂತಿತ್ತು. ಒಟ್ಟಿಗೆ ಹೊತ್ತಿಕೊಂಡು ಒಟ್ಟಿಗೆ ಆರುತ್ತಿತ್ತು. ಕಡೆಗೆ ಅಲ್ಲಿಯವರ ಪ್ರೀತಿಯ ಜನಪದ ಹಾಡು ಆರಿರಾಂಗ್ ನುಡಿಸಿದೆವು. ಐದೇ ಸ್ವರ, ನನ್ನ ಕಿವಿಗೆ ಬಿದ್ದದ್ದು ಬಾಲಪಾಠದ ಮೋಹನ ರಾಗ. ಏಳನೆಯ ವಯಸ್ಸಿನಲ್ಲಿ ಮೇಷ್ಟ್ರ ಮುಂದೆ ಕೂತು ಕಲಿತ ಗೀತೆಯೇ ಯಾರದೋ ಮನೆಯಲ್ಲಿ ಬೆಳೆದು ದೊಡ್ಡದಾಗಿ ಎದುರಿಗೆ ಬಂದಂತಾಯಿತು. ಮುಂದಿನ ಸಾಲಿನ ಒಬ್ಬ ಹೆಂಗಸಿನ ತುಟಿ ಅಲ್ಲಾಡುತ್ತಿತ್ತು. ನಾನೂ ಮೈಮರೆತು ಕುರ್ಚಿಯಲ್ಲೇ ತೂಗಿದೆ. ತೂಗಬಾರದಿತ್ತು. ಬೆನ್ನ ಹಿಂದೆ ಟಪ್ ಎಂದಿತು. ಪಿನ್ನು ಹೋಯಿತು.

ಹಾಡು ಮುಗಿಯಿತು. ಈ ಸಲದ ಚಪ್ಪಾಳೆ ಸ್ವಿಚ್ಚಿನದಾಗಿರಲಿಲ್ಲ, ನಿಲ್ಲಲೇ ಇಲ್ಲ. ಕಂಡಕ್ಟರು ಎರಡೂ ಕೈ ಎತ್ತಿ ನಮ್ಮನ್ನು ಏಳಿಸಿದರು. ಸಭಿಕರೂ ಎದ್ದರು. ನನ್ನ ಒಂದು ಕೈಯಲ್ಲಿ ವಯೋಲಾ, ಇನ್ನೊಂದರಲ್ಲಿ ಕಮಾನು, ಪ್ಯಾಂಟು ಹಿಡಿಯಲು ಮೂರನೆಯ ಕೈ ಇಲ್ಲ. ಎಲ್ಲರೂ ಒಟ್ಟಿಗೆ ಏಳುವ, ಒಟ್ಟಿಗೆ ಕೂರುವ ಆ ದೇಶದಲ್ಲಿ, ಅಷ್ಟು ದೊಡ್ಡ ಸಭಾಂಗಣದಲ್ಲಿ, ಕೂತೇ ಇದ್ದವನು ನಾನೊಬ್ಬ. ಕಂಡಕ್ಟರು ಮತ್ತೆ ಸನ್ನೆ ಮಾಡಿದರು. ನಾನು ಕೂತಲ್ಲೇ ತಲೆ ಬಾಗಿಸಿದೆ.

ರಾತ್ರಿ ಇಬ್ಬರೂ ಗೈಡುಗಳು ಕೋಣೆಗೆ ಬಂದರು. ಮೇಲಿನವರು ಕೇಳುತ್ತಿದ್ದಾರೆ, ಇಂಡಿಯಾದ ಕಲಾವಿದರು ಏಕೆ ಏಳಲಿಲ್ಲ? ಪ್ರತಿಭಟನೆಯೇ? ನಾನು ಪ್ಯಾಂಟನ್ನೂ ಬಾಗಿಹೋದ ಪಿನ್ನನ್ನೂ ಮೇಜಿನ ಮೇಲಿಟ್ಟೆ. ದೊಡ್ಡ ಗೈಡು ಪಿನ್ನನ್ನು ಎತ್ತಿ ದೀಪಕ್ಕೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಅವರ ಭುಜ ಅಲುಗತೊಡಗಿತು. ಚಿಕ್ಕವರು ದೊಡ್ಡವರು ನಗುವುದನ್ನು ಖಚಿತಪಡಿಸಿಕೊಂಡ ಮೇಲೆ ನಕ್ಕರು. ವರದಿಯಲ್ಲಿ ಏನು ಬರೆಯುತ್ತೀರಿ ಎಂದೆ. "ಭಾವೋದ್ವೇಗದಿಂದ ಏಳಲಾಗಲಿಲ್ಲ."

ಹೊರಡುವಾಗ ಬಾಗಿಲಲ್ಲಿ ನಿಂತು ದೊಡ್ಡವರು ಮೆಲ್ಲಗೆ ಕೇಳಿದರು. "ಜರ್ಮನಿಯಿಂದ ನಿಮ್ಮ ತಾಯಿಯನ್ನು ನೋಡಲು ಹೋಗಬೇಕಾದರೆ ಅನುಮತಿ ಪತ್ರಕ್ಕೆ ಎಷ್ಟು ದಿನ ಹಿಡಿಯುತ್ತದೆ?" ಪತ್ರ ಬೇಡ, ಟಿಕೆಟ್ಟು ಸಾಕು ಎಂದೆ. ಅವರು ತಲೆಯಾಡಿಸಿ ಬೇರೇನೂ ಕೇಳದೆ ಹೋದರು. ಮರುದಿನ ಉಳಿದ ಚಟ್ನಿಪುಡಿಯನ್ನು ಅವರಿಗೇ ಕೊಟ್ಟೆ, ಮೂಸಬಾರದೆಂದು ಎಚ್ಚರಿಸಿ.

ಆ ಡಿವಿಡಿ ಕೊಂಡೆ. ರಜೆಗೆ ಮೈಸೂರಿಗೆ ಹೋದಾಗ ನೆಂಟರೆಲ್ಲ ಸೇರಿ ಟಿವಿಗೆ ಹಾಕಿದೆವು. ಕಛೇರಿಯ ಕೊನೆಯ ಭಾಗ ಬಂತು. ಕಂಡಕ್ಟರು ಕಂಡರು, ಸಭಿಕರು ಕಂಡರು, ಪಿಟೀಲಿನವರೆಲ್ಲ ಎದ್ದು ನಿಂತದ್ದು ಕಂಡಿತು. ಕ್ಯಾಮೆರಾ ವಯೋಲಾ ಕಡೆ ತಿರುಗುವ ಹೊತ್ತಿಗೆ ಸರಿಯಾಗಿ ಪರದೆಯ ತುಂಬ ಒಂದು ಹೂಗುಚ್ಛ. ಅದು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

"ನೀನೆಲ್ಲೋ?" ಎಂದರು ಅಮ್ಮ.

ಅಷ್ಟರಲ್ಲಿ ಮಾನ್ಸು ಗುಡ್ಡ ಬಂತು. ಅಲ್ಲಿ ನಾನಿದ್ದೆ. ದೂರದಿಂದ ಒಮ್ಮೆ, ಹತ್ತಿರದಿಂದ ಒಮ್ಮೆ, ಹಿನ್ನೆಲೆ ಸಂಗೀತದೊಂದಿಗೆ ನಿಧಾನಗತಿಯಲ್ಲಿ ಇನ್ನೊಮ್ಮೆ. ಚಿಕ್ಕಮ್ಮ ಕನ್ನಡಕ ಏರಿಸಿಕೊಂಡು ಮುಂದಕ್ಕೆ ಬಗ್ಗಿದರು.

"ಇದೇನೋ, ದೇವಸ್ಥಾನದಲ್ಲಿ ಕಾಲುಚೀಲ ಹಾಕ್ಕೊಂಡಿದೀಯ? ಅದೂ ತೂತು!"